ವಿದೇಶಿ ವಿವಾಹ ವಿಚ್ಛೇದನದ ಮಾನ್ಯತೆ

ಒಂದು ದೇಶದ ನ್ಯಾಯಾಲಯವೋ ಅಧಿಕಾರಿಯೋ ಕೊಟ್ಟ ವಿವಾಹ ವಿಚ್ಛೇದನವನ್ನು ಇನ್ನೊಂದು ದೇಶ ತನ್ನ ಕಾನೂನಿನಡಿ ಸಿಂಧುವೆಂದು ಒಪ್ಪಿಕೊಳ್ಳುವುದೇ ವಿದೇಶಿ ವಿಚ್ಛೇದನದ ಮಾನ್ಯತೆ. ಇದು ಖಾಸಗಿ ಅಂತರರಾಷ್ಟ್ರೀಯ ಕಾನೂನಿಗೆ ಸೇರಿದ ವಿಷಯ. ಹಾಸನದಲ್ಲಿ ಧಾರೆಯೆರೆದು ಮಾಡಿದ ಮದುವೆಯನ್ನು ಟೆಕ್ಸಾಸಿನ ನ್ಯಾಯಾಲಯ ವಿಸರ್ಜಿಸಿದರೆ ಟೆಕ್ಸಾಸಿನ ಮಟ್ಟಿಗೆ ಅದು ಮುಗಿದ ಮಾತು. ಹಾಸನದ ಮಟ್ಟಿಗೂ ಮುಗಿಯಿತೇ ಎಂಬುದನ್ನು ಭಾರತದ ಕಾನೂನು ಬೇರೆಯಾಗಿಯೇ ಪರಿಶೀಲಿಸುತ್ತದೆ. ಡಿಕ್ರಿ ಕೊಟ್ಟ ನ್ಯಾಯಾಲಯಕ್ಕೆ ಆ ದಂಪತಿಯ ಮೇಲೆ ಅಧಿಕಾರವಿತ್ತೇ, ಯಾವ ಕಾರಣಕ್ಕೆ ವಿಚ್ಛೇದನ ಕೊಟ್ಟಿತು, ಎದುರು ಪಕ್ಷಕ್ಕೆ ತನ್ನ ಮಾತು ಹೇಳಲು ನಿಜವಾದ ಅವಕಾಶ ಸಿಕ್ಕಿತೇ ಎಂಬ ಮೂರು ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಏಳುತ್ತವೆ. ಉತ್ತರದಲ್ಲಿ ಯಾವುದಕ್ಕೆ ಹೆಚ್ಚು ತೂಕ ಎಂಬುದು ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 13 ಮತ್ತು ಅದರ ಸುತ್ತ ಸರ್ವೋಚ್ಚ ನ್ಯಾಯಾಲಯ ಬೆಳೆಸಿದ ತೀರ್ಪುಗಳೇ ಇಲ್ಲಿನ ಕಾನೂನು.

ಸಮಸ್ಯೆಯ ಸ್ವರೂಪ

ಸಾಲದ ಡಿಕ್ರಿಯನ್ನು ಜಾರಿ ಮಾಡಿಸಿದರೆ ಹಣ ಕೈಗೆ ಬರುತ್ತದೆ, ವ್ಯಾಜ್ಯ ಅಲ್ಲಿಗೆ ಮುಗಿಯುತ್ತದೆ. ವಿಚ್ಛೇದನದ ಡಿಕ್ರಿ ಬದಲಿಸುವುದು ವ್ಯಕ್ತಿಯ ಸ್ಥಾನಮಾನವನ್ನು. ಆತ ವಿವಾಹಿತನೋ ಅಲ್ಲವೋ ಎಂಬುದರ ಮೇಲೆ ಮರುಮದುವೆ, ಜೀವನಾಂಶ, ಉತ್ತರಾಧಿಕಾರ, ಮಕ್ಕಳ ಹಕ್ಕುಗಳೆಲ್ಲ ನಿಂತಿವೆ. ಒಂದು ದೇಶದಲ್ಲಿ ಮುರಿದುಬಿದ್ದು ಇನ್ನೊಂದರಲ್ಲಿ ಉಳಿದುಕೊಂಡಿರುವ ಇಂಥ ಸಂಬಂಧವನ್ನು ಕಾನೂನು ಗ್ರಂಥಗಳು ‘ಕುಂಟು ವಿವಾಹ’ ಎನ್ನುತ್ತವೆ. ಗಂಡ ಅಮೆರಿಕದಲ್ಲಿ ವಿಚ್ಛೇದಿತ, ಹೆಂಡತಿ ಭಾರತದಲ್ಲಿ ಇನ್ನೂ ಅವನ ಪತ್ನಿ. ಅಲ್ಲಿ ಆತ ಮಾಡಿಕೊಂಡ ಎರಡನೆಯ ಮದುವೆ ಸಕ್ರಮ, ಇಲ್ಲಿ ಅದು ಅಪರಾಧವಾಗಬಹುದು.

ಸುಲಭವಾಗಿ ಮಾನ್ಯತೆ ಕೊಡುವ ದೇಶದಲ್ಲಿ ಕುಂಟು ವಿವಾಹಗಳು ಕಡಿಮೆಯಾಗುತ್ತವೆ. ಆದರೆ ವಿಮಾನ ಹತ್ತಿ ಹೋಗಿ ಅನುಕೂಲದ ನ್ಯಾಯಾಲಯವನ್ನು ಹುಡುಕುವವನಿಗೂ ದಾರಿ ಸುಗಮವಾಗುತ್ತದೆ. ಬಿಗಿಯಾದ ನಿಯಮವಿದ್ದರೆ ಊರಲ್ಲಿ ಉಳಿದವರಿಗೆ ರಕ್ಷಣೆ ಸಿಗುತ್ತದೆ, ಪ್ರಾಮಾಣಿಕವಾಗಿ ಬೇರೆಯಾದ ದಂಪತಿಗೆ ಮಾತ್ರ ಎರಡು ಕಡೆ ಎರಡು ಖಟ್ಲೆಯ ಹೊರೆ ಬೀಳುತ್ತದೆ. ಈ ಕಾನೂನಿನ ಇತಿಹಾಸವೆಲ್ಲ ಈ ಎರಡರ ನಡುವಿನ ಎಳೆದಾಟವೇ.

ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾನೂನು ವಿಚ್ಛೇದನದ ಅಧಿಕಾರವನ್ನು ಅಧಿವಾಸಕ್ಕೆ, ಅಂದರೆ ಶಾಶ್ವತ ನೆಲೆಗೆ, ಕಟ್ಟಿಹಾಕಿತ್ತು. 1895ರ ಲ ಮೆಸೂರಿಯರ್ ಪ್ರಕರಣ ಸಿಂಹಳದಿಂದ ಲಂಡನ್ನಿನ ಪ್ರೀವಿ ಕೌನ್ಸಿಲಿಗೆ ಹೋದದ್ದು. ಅಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಇಂಗ್ಲಿಷ್ ಅಧಿವಾಸದ ಗಂಡನ ಮದುವೆಯನ್ನು ಸಿಂಹಳದ ನ್ಯಾಯಾಲಯ ವಿಸರ್ಜಿಸುವಂತಿಲ್ಲ, ಗಂಡನ ಅಧಿವಾಸದ ದೇಶದ ನ್ಯಾಯಾಲಯಕ್ಕಷ್ಟೇ ಆ ಅಧಿಕಾರ ಎಂದು ಪ್ರೀವಿ ಕೌನ್ಸಿಲ್ ಹೇಳಿತು. ಮದುವೆಯಾದ ಹೆಣ್ಣಿಗೆ ಗಂಡನ ಅಧಿವಾಸವೇ ಅಧಿವಾಸ ಎಂಬ ನಿಯಮ ಆಗ ಜಾರಿಯಲ್ಲಿತ್ತು. ಗಂಡ ಬಿಟ್ಟುಹೋಗಿ ಬೇರೆ ಖಂಡದಲ್ಲಿ ನೆಲೆಸಿದರೆ ಹೆಂಡತಿಯ ಅಧಿವಾಸವೂ ಅವನ ಹಿಂದೆಯೇ ಹೋಗುತ್ತಿತ್ತು, ಆಕೆ ಆ ದೇಶವನ್ನು ಕಣ್ಣಿಂದ ಕಾಣದಿದ್ದರೂ.

ಈ ನಿಯಮ ಭಾರತದಲ್ಲಿದ್ದ ಆಂಗ್ಲರನ್ನೇ ಮೊದಲು ಕಾಡಿತು. 1869ರ ಭಾರತೀಯ ವಿಚ್ಛೇದನ ಕಾಯ್ದೆಯಡಿ ಇಲ್ಲಿನ ನ್ಯಾಯಾಲಯಗಳು ಅವರಿಗೆ ವಿಚ್ಛೇದನ ಕೊಡುತ್ತ ಬಂದಿದ್ದವು. 1921ರಲ್ಲಿ ಕೀಸ್ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಲಯ, ಇಂಗ್ಲೆಂಡನ್ನೇ ಅಧಿವಾಸವಾಗಿ ಉಳಿಸಿಕೊಂಡವರ ಮದುವೆಯನ್ನು ಭಾರತದ ನ್ಯಾಯಾಲಯ ಮುರಿಯುವಂತಿಲ್ಲ ಎಂದಿತು. ಆಗಲೇ ಮರುಮದುವೆಯಾಗಿದ್ದವರ ಸ್ಥಿತಿ ಅತಂತ್ರವಾಯಿತು. ಬ್ರಿಟಿಷ್ ಸಂಸತ್ತು ಅದೇ ವರ್ಷ ಹಳೆಯ ಡಿಕ್ರಿಗಳನ್ನು ಸಿಂಧುಗೊಳಿಸುವ ಕಾಯ್ದೆ ಮಾಡಬೇಕಾಯಿತು. 1926ರಲ್ಲಿ ಇನ್ನೊಂದು ಕಾಯ್ದೆಯ ಮೂಲಕ, ಬ್ರಿಟನ್ನಿನ ಅಧಿವಾಸ ಉಳಿಸಿಕೊಂಡು ಇಲ್ಲಿ ವಾಸವಾಗಿರುವವರಿಗೆ ವಿಚ್ಛೇದನ ಕೊಡುವ ಅಧಿಕಾರವನ್ನು ಭಾರತದ ಹೈಕೋರ್ಟುಗಳಿಗೆ ನೀಡಿತು. ಅಂದಿನ ದಿನಗಳಲ್ಲಿ ಅಮಾನ್ಯವೆನಿಸಿದ್ದು ಭಾರತದ ಡಿಕ್ರಿ, ಮಾನ್ಯತೆ ಕೊಡಬೇಕಾಗಿದ್ದುದು ಇಂಗ್ಲೆಂಡ್.

ಮುಂದೆ ಇಂಗ್ಲೆಂಡಿನಲ್ಲೇ ಕಟ್ಟು ಸಡಿಲವಾಯಿತು. 1953ರ ಟ್ರಾವರ್ಸ್ ಪ್ರಕರಣದಲ್ಲಿ, ತಾವು ಯಾವ ಆಧಾರದ ಮೇಲೆ ಅಧಿಕಾರ ಚಲಾಯಿಸುತ್ತೇವೋ ಅದೇ ಆಧಾರದ ಮೇಲೆ ಹೊರದೇಶದ ನ್ಯಾಯಾಲಯ ಅಧಿಕಾರ ಚಲಾಯಿಸಿದರೆ ಒಪ್ಪಬೇಕು ಎಂಬ ನಿಲುವು ಬಂತು. 1967ರ ಇಂಡೈಕಾ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್, ದಂಪತಿಯಲ್ಲಿ ಒಬ್ಬರಿಗೆ ಡಿಕ್ರಿ ಕೊಟ್ಟ ದೇಶದೊಡನೆ ನಿಜವಾದ, ಗಟ್ಟಿಯಾದ ನಂಟಿದ್ದರೆ ಸಾಕು ಎಂದಿತು. 1970ರಲ್ಲಿ ಹೇಗ್ ಸಮ್ಮೇಳನ ವಿಚ್ಛೇದನ ಹಾಗೂ ನ್ಯಾಯಿಕ ಪ್ರತ್ಯೇಕತೆಯ ಮಾನ್ಯತೆಗೆಂದೇ ಒಂದು ಒಪ್ಪಂದ ರೂಪಿಸಿತು. ಅದನ್ನು ಅನುಸರಿಸಿ ಬ್ರಿಟನ್ 1971ರಲ್ಲಿ ಕಾಯ್ದೆ ಮಾಡಿತು. ಭಾರತ 2008ರಲ್ಲಿ ಹೇಗ್ ಸಮ್ಮೇಳನದ ಸದಸ್ಯನಾದರೂ ಈ ಒಪ್ಪಂದಕ್ಕೆ ಸೇರಿಲ್ಲ.

ಭಾರತದ ಕಾನೂನು: ಸೆಕ್ಷನ್ 13

ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 13ರ ಪ್ರಕಾರ ವಿದೇಶಿ ತೀರ್ಪು ಅದೇ ಪಕ್ಷಗಾರರ ನಡುವೆ ನಿರ್ಣಾಯಕ. ಇದಕ್ಕೆ ಆರು ಅಪವಾದಗಳಿವೆ: ಅಧಿಕಾರವಿಲ್ಲದ ನ್ಯಾಯಾಲಯ ಕೊಟ್ಟಿದ್ದರೆ, ವ್ಯಾಜ್ಯದ ಗುಣಾವಗುಣ ನೋಡದೆ ಕೊಟ್ಟಿದ್ದರೆ, ಅಂತರರಾಷ್ಟ್ರೀಯ ಕಾನೂನನ್ನು ತಪ್ಪಾಗಿ ತಿಳಿದು ಅಥವಾ ಅನ್ವಯಿಸಬೇಕಿದ್ದ ಭಾರತದ ಕಾನೂನನ್ನು ಬದಿಗಿಟ್ಟು ಕೊಟ್ಟದ್ದೆಂದು ಮೇಲ್ನೋಟಕ್ಕೇ ಕಂಡರೆ, ವಿಚಾರಣೆ ಸಹಜ ನ್ಯಾಯಕ್ಕೆ ವಿರುದ್ಧವಾಗಿ ನಡೆದಿದ್ದರೆ, ಮೋಸದಿಂದ ಪಡೆದದ್ದಾಗಿದ್ದರೆ, ಭಾರತದಲ್ಲಿ ಜಾರಿಯಲ್ಲಿರುವ ಕಾನೂನಿನ ಉಲ್ಲಂಘನೆಯ ಮೇಲೆ ನಿಂತ ಹಕ್ಕನ್ನು ಎತ್ತಿಹಿಡಿದಿದ್ದರೆ. ಈ ಆರರಲ್ಲಿ ಯಾವುದಾದರೂ ಒಂದು ಸಾಬೀತಾದರೆ ಡಿಕ್ರಿ ಇಲ್ಲಿ ನಿಲ್ಲುವುದಿಲ್ಲ.

ಈ ಸೆಕ್ಷನ್ನಿನ ವ್ಯಾಖ್ಯಾನಕ್ಕೆ ಹಳೆಯ ಮೈಸೂರಿನ ಕೊಡುಗೆಯೂ ಇದೆ. ದೇಶೀ ಸಂಸ್ಥಾನವಾಗಿದ್ದ ಮೈಸೂರಿನ ನ್ಯಾಯಾಲಯಗಳು ಬ್ರಿಟಿಷ್ ಭಾರತದ ಪಾಲಿಗೆ ವಿದೇಶಿ ನ್ಯಾಯಾಲಯಗಳೇ. ಬೆಂಗಳೂರಿನ ಕುಟುಂಬವೊಂದರ ಆಸ್ತಿ ವ್ಯಾಜ್ಯದಲ್ಲಿ ಮೈಸೂರು ಹೈಕೋರ್ಟು ಕೊಟ್ಟ ತೀರ್ಪು, ಮದ್ರಾಸ್ ಪ್ರಾಂತದಲ್ಲಿದ್ದ ಆಸ್ತಿಯ ವಿಷಯದಲ್ಲಿ ಎಷ್ಟು ದೂರ ನಡೆಯುತ್ತದೆ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 1962ರಲ್ಲಿ ತೀರ್ಮಾನವಾಯಿತು. ಆರ್. ವಿಶ್ವನಾಥನ್ ಪ್ರಕರಣವೆಂದು ಹೆಸರಾದ ಆ ತೀರ್ಪಿನ ಸಾರವಿದು: ವಿದೇಶಿ ತೀರ್ಪು ಸರಿಯೋ ತಪ್ಪೋ ಎಂದು ಮೇಲ್ಮನವಿಯಂತೆ ಕೂತು ನೋಡುವಂತಿಲ್ಲ, ಕೊಟ್ಟವರಿಗೆ ಅಧಿಕಾರವಿತ್ತೇ, ವಿಚಾರಣೆ ನ್ಯಾಯವಾಗಿ ನಡೆಯಿತೇ ಎಂದು ನೋಡಬಹುದು. ಅದು ಮದುವೆಗೆ ಸಂಬಂಧಿಸಿದ ಖಟ್ಲೆಯಲ್ಲ. ಆದರೂ ವಿದೇಶಿ ತೀರ್ಪಿನ ಮಾತು ಬಂದಾಗಲೆಲ್ಲ ವಕೀಲರು ಅದನ್ನು ಉಲ್ಲೇಖಿಸುತ್ತಾರೆ.

ಸತ್ಯಾ ಪ್ರಕರಣ, 1974

ಅಮೆರಿಕದ ನೆವಾಡ ರಾಜ್ಯ 1931ರಲ್ಲಿ ವಿಚ್ಛೇದನಕ್ಕೆ ಬೇಕಾದ ವಾಸದ ಅವಧಿಯನ್ನು ಆರು ವಾರಕ್ಕೆ ಇಳಿಸಿತ್ತು. ಆರ್ಥಿಕ ಕುಸಿತದ ಆ ಕಾಲದಲ್ಲಿ ಬೇರೆ ರಾಜ್ಯಗಳಿಂದ ವಿಚ್ಛೇದನಕ್ಕೆಂದೇ ಬರುವವರು ರೀನೋ ಪಟ್ಟಣಕ್ಕೆ ಆದಾಯದ ಮೂಲವಾದರು. ಆರು ವಾರ ಬಾಡಿಗೆ ಕೋಣೆಯಲ್ಲಿ ಉಳಿದು, ಇಲ್ಲೇ ನೆಲೆಸುವ ಇರಾದೆ ಇದೆಯೆಂದು ಪ್ರಮಾಣ ಮಾಡಿ, ಡಿಕ್ರಿ ಪಡೆದು ಊರಿಗೆ ಹೊರಡುವುದು ಅಲ್ಲಿ ವಾಡಿಕೆಯೇ ಆಗಿತ್ತು.

ಪಂಜಾಬಿನ ದಂಪತಿಯೊಂದರ ಮದುವೆ ಈ ದಾರಿಗೆ ಬಂತು. 1955ರಲ್ಲಿ ಜಲಂಧರಿನಲ್ಲಿ ಮದುವೆಯಾದ ಗಂಡ 1959ರಲ್ಲಿ ಉನ್ನತ ವ್ಯಾಸಂಗಕ್ಕೆ ಅಮೆರಿಕಕ್ಕೆ ಹೋದ. ಹೆಂಡತಿ ಸತ್ಯಾ, ಇಬ್ಬರು ಮಕ್ಕಳು ಊರಲ್ಲೇ ಉಳಿದರು. ಯೂಟಾ ರಾಜ್ಯದಲ್ಲಿ ಓದು ಮುಗಿಸಿದ ಆತ 1964ರ ನವೆಂಬರಿನಲ್ಲಿ ನೆವಾಡದಲ್ಲಿ ಅರ್ಜಿ ಹಾಕಿ ಡಿಸೆಂಬರಿನಲ್ಲಿ ಡಿಕ್ರಿ ಪಡೆದ. ಹೆಂಡತಿ ಅಲ್ಲಿ ಹಾಜರಾಗಿರಲಿಲ್ಲ. ಆಕೆ ಜಲಂಧರಿನಲ್ಲಿ ಜೀವನಾಂಶ ಕೇಳಿದಾಗ ಗಂಡನ ಕಡೆಯವರು ಆ ಡಿಕ್ರಿಯನ್ನು ಮುಂದಿಟ್ಟರು. ಹೆಂಡತಿಯ ಅಧಿವಾಸ ಗಂಡನದನ್ನೇ ಹಿಂಬಾಲಿಸುತ್ತದೆ ಎಂಬ ಹಳೆಯ ಸೂತ್ರ ಹಿಡಿದ ಹೈಕೋರ್ಟು ಡಿಕ್ರಿಯನ್ನು ಒಪ್ಪಿತು.

ಸರ್ವೋಚ್ಚ ನ್ಯಾಯಾಲಯ 1974ರ ಅಕ್ಟೋಬರಿನಲ್ಲಿ ಅದನ್ನು ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. ಗಂಡ ನೆವಾಡದಲ್ಲಿ ನೆಲೆಸುವ ಉದ್ದೇಶ ಇಟ್ಟುಕೊಂಡವನೇ ಅಲ್ಲ, ಡಿಕ್ರಿಗಾಗಿ ಹೋದವ, ಸಿಕ್ಕ ಮೇಲೆ ಹೊರಟವ. ಅಧಿಕಾರಕ್ಕೆ ಆಧಾರವಾದ ಸಂಗತಿಯನ್ನೇ ಸುಳ್ಳು ಹೇಳಿ ಪಡೆದ ಡಿಕ್ರಿ ಮೋಸದ ಡಿಕ್ರಿ ಎಂದು ಅವರು ತೀರ್ಮಾನಿಸಿದರು. ನ್ಯಾಯಾಲಯ ಅಮೆರಿಕದ ಒಳಗಿನ ಅನುಭವವನ್ನೂ ಗಮನಿಸಿತು. ನೆವಾಡದ ವಿಚ್ಛೇದನ ಪಡೆದು ಮರುಮದುವೆಯಾದ ಜೋಡಿಯನ್ನು ನಾರ್ತ್ ಕ್ಯಾರೊಲಿನಾ ರಾಜ್ಯ ಶಿಕ್ಷೆಗೆ ಗುರಿಪಡಿಸಿದಾಗ, 1945ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅಧಿವಾಸ ನಿಜವಾದದ್ದೇ ಎಂದು ಕೆದಕಿ ನೋಡುವ ಹಕ್ಕು ಪ್ರತಿ ರಾಜ್ಯಕ್ಕೂ ಇದೆ ಎಂದಿತ್ತು. ಒಂದೇ ದೇಶದ ರಾಜ್ಯಗಳೇ ಪರಸ್ಪರ ನಂಬದ ಡಿಕ್ರಿಯನ್ನು ಭಾರತ ಕಣ್ಣುಮುಚ್ಚಿ ನಂಬಬೇಕಾಗಿಲ್ಲ ಎಂಬ ತರ್ಕಕ್ಕೆ ಇದರಿಂದ ಬಲ ಬಂತು. ಬ್ರಿಟನ್ನಿನ 1971ರ ಕಾಯ್ದೆ, ಹೇಗ್ ಒಪ್ಪಂದಗಳ ಮಾದರಿಯಲ್ಲಿ ಸಂಸತ್ತು ಕಾನೂನು ಮಾಡಬೇಕು ಎಂಬ ಸಲಹೆಯೂ ಇದೇ ತೀರ್ಪಿನಲ್ಲಿದೆ.

ನರಸಿಂಹ ರಾವ್ ಪ್ರಕರಣ, 1991

ಭಾರತದ ಇಂದಿನ ಕಾನೂನು ನಿಂತಿರುವುದು ವೈ. ನರಸಿಂಹ ರಾವ್ ವಿರುದ್ಧ ವೈ. ವೆಂಕಟಲಕ್ಷ್ಮಿ ಪ್ರಕರಣದ ಮೇಲೆ. 1975ರಲ್ಲಿ ತಿರುಪತಿಯಲ್ಲಿ ಹಿಂದೂ ಪದ್ಧತಿಯಂತೆ ಮದುವೆಯಾದ ದಂಪತಿ 1978ರಲ್ಲಿ ಬೇರೆಯಾದರು. ಗಂಡ ತಿರುಪತಿಯ ನ್ಯಾಯಾಲಯದಲ್ಲಿ ಹಾಕಿದ ಅರ್ಜಿಯಲ್ಲಿ ತಾನು ಲೂಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸಿನ ನಿವಾಸಿ ಎಂದಿದ್ದ. ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿ ಕೌಂಟಿಯ ನ್ಯಾಯಾಲಯಕ್ಕೆ ಹೋದಾಗ ತೊಂಬತ್ತು ದಿನಕ್ಕೂ ಮೇಲ್ಪಟ್ಟು ಮಿಸ್ಸೌರಿಯಲ್ಲಿದ್ದೇನೆ ಎಂದ. ಆ ರಾಜ್ಯದ ಕಾನೂನಿಗೆ ಅಷ್ಟು ಸಾಕಿತ್ತು. ಹೆಂಡತಿ ಆಕ್ಷೇಪಣೆ ಬರೆದು ಕಳಿಸಿದಳು, ಖುದ್ದು ಹೋಗಲಿಲ್ಲ. 1980ರ ಫೆಬ್ರವರಿಯಲ್ಲಿ, ದಾಂಪತ್ಯ ಸರಿಪಡಿಸಲಾಗದಂತೆ ಮುರಿದಿದೆ ಎಂಬ ಕಾರಣದ ಮೇಲೆ, ಡಿಕ್ರಿ ಬಂತು. 1981ರ ನವೆಂಬರಿನಲ್ಲಿ ಗಂಡ ಯಾದಗಿರಿಗುಟ್ಟದಲ್ಲಿ ಮತ್ತೊಂದು ಮದುವೆಯಾದ. ಮೊದಲ ಹೆಂಡತಿ ದ್ವಿವಿವಾಹದ ಕ್ರಿಮಿನಲ್ ದೂರು ಕೊಟ್ಟಳು. ಮಿಸ್ಸೌರಿಯ ಡಿಕ್ರಿ ನಿಂತರೆ ದೂರು ಬೀಳುತ್ತದೆ, ಡಿಕ್ರಿ ಬಿದ್ದರೆ ದೂರು ನಿಲ್ಲುತ್ತದೆ.

1991ರ ಜುಲೈನಲ್ಲಿ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಬರೆದ ತೀರ್ಪು ಡಿಕ್ರಿಯನ್ನು ಅಮಾನ್ಯಗೊಳಿಸಿತು. ಅದಕ್ಕಿಂತ ದೊಡ್ಡ ಕೆಲಸವೆಂದರೆ ಸೆಕ್ಷನ್ 13ರ ಒಂದೊಂದು ಉಪವಾಕ್ಯಕ್ಕೂ ವಿವಾಹ ವ್ಯಾಜ್ಯಗಳ ಮಟ್ಟಿಗೆ ಹೊಸ ಅರ್ಥ ಕೊಟ್ಟದ್ದು. ಅಧಿಕಾರವುಳ್ಳ ನ್ಯಾಯಾಲಯವೆಂದರೆ ದಂಪತಿ ಯಾವ ಕಾನೂನಿನಡಿ ಮದುವೆಯಾದರೋ ಆ ಕಾನೂನು ಒಪ್ಪುವ ನ್ಯಾಯಾಲಯ. ಗುಣಾವಗುಣದ ಮೇಲೆ ಕೊಟ್ಟ ತೀರ್ಪೆಂದರೆ ಅದೇ ಕಾನೂನಿನಲ್ಲಿರುವ ಕಾರಣವೊಂದರ ಮೇಲೆ, ವಾದ ಪ್ರತಿವಾದ ಕೇಳಿ ಕೊಟ್ಟದ್ದು. ಸಹಜ ನ್ಯಾಯವೆಂದರೆ ನೋಟಿಸು ತಲುಪಿಸಿದ್ದಷ್ಟೇ ಅಲ್ಲ. ಎದುರು ಪಕ್ಷದವರಿಗೆ ಅಷ್ಟು ದೂರ ಹೋಗಿ, ಉಳಿದು, ವಕೀಲರನ್ನಿಟ್ಟು ವಾದಿಸುವ ಶಕ್ತಿ ಇತ್ತೇ, ಇಲ್ಲದಿದ್ದರೆ ಖರ್ಚು ಕೊಡಿಸುವ ಏರ್ಪಾಡು ಆಯಿತೇ ಎಂಬುದೂ ಸೇರುತ್ತದೆ.

ಮೂಲ ನಿಯಮಕ್ಕೆ ನ್ಯಾಯಾಲಯ ಮೂರು ಅಪವಾದಗಳನ್ನು ಇಟ್ಟಿತು. ಪ್ರತಿವಾದಿಯ ಅಧಿವಾಸ ಅಥವಾ ಕಾಯಂ ವಾಸವಿರುವ ದೇಶದಲ್ಲೇ ಅರ್ಜಿ ಹಾಕಿದ್ದು, ಮದುವೆಯ ಕಾನೂನಿನಲ್ಲಿರುವ ಕಾರಣದ ಮೇಲೆ ಡಿಕ್ರಿ ಬಂದಿದ್ದರೆ ಅದು ಮಾನ್ಯ. ಪ್ರತಿವಾದಿ ತಾನಾಗಿ ಆ ನ್ಯಾಯಾಲಯದ ಅಧಿಕಾರಕ್ಕೆ ಒಳಪಟ್ಟು, ಅಂಥದೇ ಕಾರಣದ ಮೇಲಿನ ಅರ್ಜಿಯನ್ನು ಪರಿಣಾಮಕಾರಿಯಾಗಿ ಎದುರಿಸಿದ್ದರೆ ಆಗಲೂ ಮಾನ್ಯ. ನ್ಯಾಯಾಲಯದ ಅಧಿಕಾರ ಮದುವೆಯ ಕಾನೂನಿಗೆ ಹೊಂದದಿದ್ದರೂ ಪ್ರತಿವಾದಿ ವಿಚ್ಛೇದನಕ್ಕೇ ಒಪ್ಪಿಗೆ ಕೊಟ್ಟಿದ್ದರೆ ಅದೂ ಮಾನ್ಯ.

ಸಾಮಾನ್ಯ ಸನ್ನಿವೇಶಗಳು

*ಇಬ್ಬರೂ ಒಪ್ಪಿ ಪಡೆದದ್ದು.* ವಿದೇಶದಲ್ಲಿರುವ ದಂಪತಿ ಇಬ್ಬರೂ ಹಾಜರಾಗಿ, ಇಬ್ಬರೂ ಒಪ್ಪಿ ಪಡೆದ ಡಿಕ್ರಿ ಮೂರನೆಯ ಅಪವಾದದಡಿ ಬರುವುದರಿಂದ ಭಾರತದಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಕೂಡ ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು ಒಪ್ಪುತ್ತದೆ. ಒಪ್ಪಿಗೆ ಕಾಗದದ ಮೇಲೆ ಸ್ಪಷ್ಟವಾಗಿ ಕಾಣಬೇಕು. ಸುಮ್ಮನಿದ್ದುದನ್ನು ಒಪ್ಪಿಗೆ ಎನ್ನಲಾಗದು.

*ಏಕಪಕ್ಷೀಯ ಡಿಕ್ರಿ.* ಭಾರತದಲ್ಲಿರುವ ಹೆಂಡತಿಗೋ ಗಂಡನಿಗೋ ನೋಟಿಸು ಕಳಿಸಿ, ಬರಲಿಲ್ಲವೆಂದು ಅವರ ಗೈರುಹಾಜರಿಯಲ್ಲಿ ಪಡೆದ ಡಿಕ್ರಿ ಇಲ್ಲಿ ಬೀಳುವುದೇ ಹೆಚ್ಚು. ನ್ಯಾಯಾಲಯಕ್ಕೆ ಅಧಿಕಾರವಿಲ್ಲ ಎಂದು ಆಕ್ಷೇಪಿಸಲೆಂದೇ ಪತ್ರ ಬರೆದರೆ ಆ ಅಧಿಕಾರಕ್ಕೆ ಒಳಪಟ್ಟಂತೆ ಆಗುವುದಿಲ್ಲ ಎಂಬುದನ್ನು ನರಸಿಂಹ ರಾವ್ ಪ್ರಕರಣವೇ ತೋರಿಸಿದೆ.

*ಕಾರಣವಿಲ್ಲದ ವಿಚ್ಛೇದನ.* ನಿಜವಾದ ತೊಡಕು ಇಲ್ಲಿದೆ. ಕ್ಯಾಲಿಫೋರ್ನಿಯಾ 1970ರಿಂದ ಯಾರ ತಪ್ಪನ್ನೂ ಸಾಬೀತುಪಡಿಸದೆ ವಿಚ್ಛೇದನ ಕೊಡುತ್ತಿದೆ. 2010ರಲ್ಲಿ ನ್ಯೂಯಾರ್ಕೂ ಸೇರಿದ ಮೇಲೆ ಅಮೆರಿಕದ ಎಲ್ಲ ರಾಜ್ಯಗಳಲ್ಲಿ ಈ ದಾರಿ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರ ಏಪ್ರಿಲ್ 6ರಿಂದ ಎಲ್ಲ ವಿಚ್ಛೇದನಗಳೂ ಇದೇ ಬಗೆಯವು. ಯುಎಇಯಲ್ಲಿ 2023ರ ಫೆಬ್ರವರಿಯಿಂದ ಮುಸ್ಲಿಮೇತರರಿಗೆ ಇಂಥದೇ ಕಾನೂನಿದೆ. ದಕ್ಷಿಣ ಕನ್ನಡ, ಉಡುಪಿಗಳಿಂದ ಅಲ್ಲಿಗೆ ಹೋಗಿ ದುಡಿಯುವ ಕುಟುಂಬಗಳಿಗೆ ಇದು ನೇರವಾಗಿ ತಾಗುವ ವಿಷಯ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ರಲ್ಲಿ ಕ್ರೌರ್ಯ, ವ್ಯಭಿಚಾರ, ತ್ಯಜಿಸಿಹೋಗುವುದು, ಮತಾಂತರ ಮೊದಲಾದ ಕಾರಣಗಳಿವೆ. ದಾಂಪತ್ಯ ಸರಿಪಡಿಸಲಾಗದಂತೆ ಮುರಿದಿದೆ ಎಂಬುದು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಎದುರು ಪಕ್ಷ ಹಾಜರಾಗಿ ವಿರೋಧಿಸಿದ್ದರೂ, ಕಾರಣ ಹೊಂದದೆ ಡಿಕ್ರಿ ಇಲ್ಲಿ ಮುಗ್ಗರಿಸಬಹುದು. 2023ರ ಶಿಲ್ಪಾ ಶೈಲೇಶ್ ಪ್ರಕರಣದಲ್ಲಿ ಸಂವಿಧಾನದ 142ನೆಯ ವಿಧಿಯಡಿ ಇದೇ ಕಾರಣಕ್ಕೆ ವಿಚ್ಛೇದನ ಕೊಡಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಹೇಳಿತು. ಆದರೆ ಆ ಅಧಿಕಾರ ಸರ್ವೋಚ್ಚ ನ್ಯಾಯಾಲಯದ್ದು ಮಾತ್ರ, ಕೌಟುಂಬಿಕ ನ್ಯಾಯಾಲಯಗಳಿಗಿಲ್ಲ.

*ಇಬ್ಬರೂ ಹೊರದೇಶದಲ್ಲೇ ನೆಲೆಸಿದವರು.* ಹಿಂದೂ ವಿವಾಹ ಕಾಯ್ದೆ ಭಾರತದ ಅಧಿವಾಸ ಉಳಿಸಿಕೊಂಡ ಹಿಂದೂಗಳಿಗೆ, ಅವರು ಹೊರಗಿದ್ದರೂ, ಅನ್ವಯಿಸುತ್ತದೆ. ವಿದೇಶದಲ್ಲೇ ಅಧಿವಾಸ ಪಡೆದವರ ವಿಷಯದಲ್ಲಿ ಆ ದೇಶದ ಡಿಕ್ರಿಗೆ ಬಲ ಹೆಚ್ಚು. ಅಧಿವಾಸ ಬದಲಾಯಿತೆಂದು ಸಾಬೀತುಪಡಿಸುವುದು ಮಾತ್ರ ಸುಲಭವಲ್ಲ. ಬೆಂಗಳೂರಿನಲ್ಲಿ ಮದುವೆಯಾಗಿ, ಸ್ವೀಡನ್ನಿನ ಪೌರತ್ವ ಪಡೆದು, ಆಮೇಲೆ ಆಸ್ಟ್ರೇಲಿಯಕ್ಕೆ ಹೋದ ದಂಪತಿಯ ಪ್ರಕರಣ 2013ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಪಾಸ್‌ಪೋರ್ಟು ಬದಲಾದ ಮಾತ್ರಕ್ಕೆ ಅಧಿವಾಸ ಬದಲಾಗದು. ಸ್ವೀಡನ್ನಿನ ಅಧಿವಾಸ ಸಿಕ್ಕಿತ್ತೆಂದೇ ಇಟ್ಟುಕೊಂಡರೂ ಅದನ್ನು ಬಿಟ್ಟಾಗ ಹುಟ್ಟಿನಿಂದ ಬಂದ ಭಾರತದ ಅಧಿವಾಸ ಮತ್ತೆ ಜೀವ ಪಡೆಯುತ್ತದೆ ಎಂದು ನ್ಯಾಯಾಲಯ ಹೇಳಿತು. ಹೆಂಡತಿ ಮುಂಬೈಯಲ್ಲಿ ಹಾಕಿದ್ದ ಅರ್ಜಿ ಊರ್ಜಿತವಾಯಿತು.

*ನ್ಯಾಯಾಲಯದ ಹೊರಗಿನ ವಿಚ್ಛೇದನ.* ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 13 ಮಾತಾಡುವುದು ನ್ಯಾಯಾಲಯದ ತೀರ್ಪಿನ ಬಗ್ಗೆ. ಚರ್ಚಿನ ನ್ಯಾಯಮಂಡಳಿ ಕೊಡುವ ವಿವಾಹ ಅನೂರ್ಜಿತತೆಯ ಆದೇಶ ಸಿವಿಲ್ ಕಾನೂನಿನ ಕಣ್ಣಲ್ಲಿ ವಿಚ್ಛೇದನವಲ್ಲ ಎಂದು 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಕರಾವಳಿಯ ಕ್ಯಾಥೊಲಿಕ್ ಮುಖಂಡರೊಬ್ಬರು ಈ ನಿಲುವನ್ನು ಬದಲಿಸಬೇಕೆಂದು ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2017ರಲ್ಲಿ ವಜಾ ಆಯಿತು.

ನೋಟಿಸು ಮತ್ತು ದಾಖಲೆ

ಖಟ್ಲೆ ಎಷ್ಟೋ ಸಲ ದೊಡ್ಡ ತತ್ತ್ವಗಳ ಮೇಲಲ್ಲ, ಕಾಗದಪತ್ರದ ಮೇಲೆ ಗೆಲ್ಲುತ್ತದೆ ಇಲ್ಲವೇ ಸೋಲುತ್ತದೆ. ವಿದೇಶಕ್ಕೆ ನ್ಯಾಯಿಕ ಪತ್ರಗಳನ್ನು ತಲುಪಿಸುವ 1965ರ ಹೇಗ್ ಒಪ್ಪಂದಕ್ಕೆ ಭಾರತ 2006ರಲ್ಲಿ ಸೇರಿತು. ಸೇರುವಾಗ ಅಂಚೆಯ ಮೂಲಕ ನೇರವಾಗಿ ಕಳಿಸುವ ವಿಧಾನಕ್ಕೆ ಆಕ್ಷೇಪ ದಾಖಲಿಸಿತು. ಆದ್ದರಿಂದ ಒಪ್ಪಂದದ ದೇಶಗಳಿಂದ ಬರುವ ಸಮನ್ಸು ಕೇಂದ್ರ ಕಾನೂನು ಮತ್ತು ನ್ಯಾಯ ಸಚಿವಾಲಯದ ಮೂಲಕ ಬರಬೇಕು. ಕೊರಿಯರಿನಲ್ಲಿ ಬಂದ ಲಕೋಟೆಯನ್ನು ಪಡೆದ ಮಾತ್ರಕ್ಕೆ ಸಮನ್ಸು ವಿಧಿವತ್ತಾಗಿ ತಲುಪಿತು ಎನ್ನುವಂತಿಲ್ಲ.

ಡಿಕ್ರಿಯ ದೃಢೀಕೃತ ಪ್ರತಿ ಹಾಜರುಪಡಿಸಿದರೆ, ಅದು ಅಧಿಕಾರವುಳ್ಳ ನ್ಯಾಯಾಲಯದ್ದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 14ರ ಪ್ರಕಾರ ಭಾವಿಸಲಾಗುತ್ತದೆ; ಅಲ್ಲವೆಂದು ಎದುರಿನವರು ಸಾಬೀತುಪಡಿಸಬಹುದು. ಬರಿಯ ಜೆರಾಕ್ಸ್ ಪ್ರತಿ ಇದಕ್ಕೆ ಸಾಲದು. ಅಪೊಸ್ಟಿಲ್ ಒಪ್ಪಂದ 2005ರಿಂದ ಭಾರತಕ್ಕೆ ಅನ್ವಯಿಸುತ್ತದೆ. ಅದರ ಸದಸ್ಯ ದೇಶದ ದಾಖಲೆಗೆ ಅಲ್ಲಿನ ಅಧಿಕಾರಿಯ ಅಪೊಸ್ಟಿಲ್ ಮುದ್ರೆ ಇದ್ದರೆ ರಾಯಭಾರ ಕಚೇರಿಯ ದೃಢೀಕರಣ ಬೇಕಿಲ್ಲ. ಮುದ್ರೆ ಕಾಗದ ಅಸಲಿ ಎಂದಷ್ಟೇ ಹೇಳುತ್ತದೆ, ಡಿಕ್ರಿ ಭಾರತದಲ್ಲಿ ಮಾನ್ಯ ಎಂದಲ್ಲ.

ವಿದೇಶಿ ವಿಚ್ಛೇದನವನ್ನು ನೋಂದಾಯಿಸುವ ಕಚೇರಿ ಭಾರತದಲ್ಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 44ಎ ಅಡಿ ಪರಸ್ಪರ ಮಾನ್ಯತೆಯ ದೇಶಗಳ ಡಿಕ್ರಿಗಳನ್ನು ನೇರವಾಗಿ ಜಾರಿ ಮಾಡಬಹುದು. ಬ್ರಿಟನ್, ಸಿಂಗಪುರ ಆ ಪಟ್ಟಿಯಲ್ಲಿವೆ, ಯುಎಇ 2020ರಲ್ಲಿ ಸೇರಿತು, ಅಮೆರಿಕ ಇಲ್ಲ. ಆದರೆ ಆ ಸೆಕ್ಷನ್ ಹಣ ಪಾವತಿಯ ಡಿಕ್ರಿಗಳಿಗೆ ಮಾತ್ರ. ಸ್ಥಾನಮಾನದ ಪ್ರಶ್ನೆ ಏಳುವುದು ಮರುಮದುವೆ, ಆಸ್ತಿ ಅಥವಾ ಜೀವನಾಂಶದ ಖಟ್ಲೆಯಲ್ಲಿ. ಅದಕ್ಕೆ ಕಾಯದೆ, 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಡಿ ವೈವಾಹಿಕ ಸ್ಥಾನಮಾನದ ಘೋಷಣೆ ಕೋರಿ ದಾವೆ ಹಾಕಬಹುದು. ವಿದೇಶಿ ಡಿಕ್ರಿಯ ಬಗ್ಗೆ ಅನುಮಾನವಿರುವವರು ಇಲ್ಲಿನ ಕೌಟುಂಬಿಕ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು ಮತ್ತೊಮ್ಮೆ ಪಡೆಯುವುದೂ ಉಂಟು.

ಮಾನ್ಯತೆ ಸಿಗದಿದ್ದರೆ

ಮೊದಲ ಪೆಟ್ಟು ಮರುಮದುವೆಗೆ. ಮೊದಲ ಮದುವೆ ಭಾರತದಲ್ಲಿ ಉಳಿದಿದ್ದರೆ ಎರಡನೆಯದು ಹಿಂದೂ ವಿವಾಹ ಕಾಯ್ದೆಯಡಿ ಶೂನ್ಯ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 82ರ ಪ್ರಕಾರ, ಅಂದರೆ ಹಳೆಯ ದಂಡಸಂಹಿತೆಯ 494ರ ಜಾಗದಲ್ಲಿ ಬಂದದ್ದರ ಪ್ರಕಾರ, ದ್ವಿವಿವಾಹಕ್ಕೆ ಏಳು ವರ್ಷದವರೆಗೆ ಸಜೆ ಇದೆ. ಗಂಡ ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಮೊದಲ ದರ್ಜೆಯ ವಾರಸುದಾರಳಾಗುವುದು ಮೊದಲ ಹೆಂಡತಿ. ವರ್ಷಗಟ್ಟಲೆ ಜೊತೆಗಿದ್ದ ಎರಡನೆಯಾಕೆಗೆ ಆ ಸ್ಥಾನವಿಲ್ಲ. ಮಕ್ಕಳ ಮೇಲೆ ಕಾನೂನು ಈ ಭಾರ ಹೊರಿಸುವುದಿಲ್ಲ. ಶೂನ್ಯ ಮದುವೆಯ ಮಕ್ಕಳೂ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 16ರ ಪ್ರಕಾರ ಔರಸರೇ. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರಿನಲ್ಲಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆ ಅಥವಾ ತಾಯಿಗೆ ಬರುವ ಪಾಲಿನಲ್ಲಿ ಅವರಿಗೂ ಹಕ್ಕಿದೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು.

ಮಾನ್ಯತೆ ಸಿಕ್ಕಿದ ಮಾತ್ರಕ್ಕೆ ಜೀವನಾಂಶದ ಹಕ್ಕು ಮುಗಿಯುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144ರಲ್ಲಿ ‘ಪತ್ನಿ’ ಎಂದರೆ ಮರುಮದುವೆಯಾಗದ ವಿಚ್ಛೇದಿತೆಯೂ ಸೇರಿ. ಮಕ್ಕಳ ಸುಪರ್ದಿಯದು ಬೇರೆಯೇ ದಾರಿ. ಅದರಲ್ಲಿ ವಿದೇಶಿ ಆದೇಶ ಪರಿಗಣಿಸಬೇಕಾದ ಒಂದು ಅಂಶವೇ ಹೊರತು ನಿರ್ಣಾಯಕವಲ್ಲ. ಮಗುವಿನ ಹಿತವೇ ಮುಖ್ಯ ಎಂಬುದು 2017ರ ನಿತ್ಯಾ ಆನಂದ್ ರಾಘವನ್ ತೀರ್ಪಿನ ನಿಲುವು. ಒಂದೇ ವಿದೇಶಿ ಡಿಕ್ರಿಯ ವಿಚ್ಛೇದನದ ಭಾಗ ನಿಂತು, ಸುಪರ್ದಿಯ ಭಾಗ ಬೀಳುವುದು ಹೀಗಾಗಿ ಸಾಧ್ಯ.

ಇತರ ದೇಶಗಳಲ್ಲಿ

ಬ್ರಿಟನ್ನಿನಲ್ಲಿ ಈಗ ಜಾರಿಯಲ್ಲಿರುವುದು 1986ರ ಕೌಟುಂಬಿಕ ಕಾನೂನು ಕಾಯ್ದೆ. ನ್ಯಾಯಾಲಯ ಅಥವಾ ಅಧಿಕೃತ ಪ್ರಕ್ರಿಯೆಯ ಮೂಲಕ ಪಡೆದ ವಿಚ್ಛೇದನವಾದರೆ ದಂಪತಿಯಲ್ಲಿ ಒಬ್ಬರು ಆ ದೇಶದ ವಾಡಿಕೆಯ ನಿವಾಸಿಯೋ, ಅಧಿವಾಸಿಯೋ, ಪ್ರಜೆಯೋ ಆಗಿದ್ದರೆ ಸಾಕು. ಯಾವ ಕಾರಣದ ಮೇಲೆ ಕೊಟ್ಟರು ಎಂದು ಕೇಳುವುದಿಲ್ಲ. ಪ್ರಕ್ರಿಯೆಯೇ ಇಲ್ಲದ ಬರಿಯ ತಲಾಖ್‌ಗೆ ಮಾತ್ರ ಬಿಗಿ ನಿಯಮವಿದೆ. ವಿದೇಶದಲ್ಲಿ ವಿಚ್ಛೇದನ ಪಡೆದ ಮೇಲೂ ಇಂಗ್ಲೆಂಡಿನಲ್ಲಿ ಆರ್ಥಿಕ ಪರಿಹಾರ ಕೇಳಲು 1984ರ ಕಾಯ್ದೆಯೊಂದು ಅವಕಾಶ ಕೊಡುತ್ತದೆ. ಮಾನ್ಯತೆ ಸುಲಭ, ಆದರೆ ಹೆಂಡತಿ ಬರಿಗೈಯಲ್ಲಿ ಹೋಗಬೇಕಿಲ್ಲ ಎಂಬ ಸಮತೋಲ ಅಲ್ಲಿದೆ.

ಐರೋಪ್ಯ ಒಕ್ಕೂಟದಲ್ಲಿ ಡೆನ್ಮಾರ್ಕ್ ಹೊರತು ಉಳಿದ ಸದಸ್ಯ ದೇಶಗಳ ವಿಚ್ಛೇದನಗಳಿಗೆ ಯಾವ ವಿಶೇಷ ಪ್ರಕ್ರಿಯೆಯೂ ಇಲ್ಲದೆ ಮಾನ್ಯತೆ ಸಿಗುತ್ತದೆ; ಈಗಿನ ನಿಯಮಾವಳಿ 2022ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಒಕ್ಕೂಟದ ಹೊರಗಿನ ಡಿಕ್ರಿಗಳಿಗೆ ಪ್ರತಿ ದೇಶದ ನಿಯಮ ಬೇರೆ. ಜರ್ಮನಿಯಲ್ಲಿ, ದಂಪತಿ ಇಬ್ಬರೂ ಡಿಕ್ರಿ ಕೊಟ್ಟ ದೇಶದ ಪ್ರಜೆಗಳಾಗಿದ್ದ ಸಂದರ್ಭ ಬಿಟ್ಟರೆ, ರಾಜ್ಯದ ನ್ಯಾಯಾಡಳಿತ ಇಲಾಖೆಗೆ ಅರ್ಜಿ ಹಾಕಿ ಮಾನ್ಯತೆ ಪಡೆದ ಮೇಲೆಯೇ ಮರುಮದುವೆ.

ಅಮೆರಿಕದಲ್ಲಿ ಇದು ರಾಜ್ಯಗಳ ವಿಷಯ. 1960ರ ದಶಕದಲ್ಲಿ ನ್ಯೂಯಾರ್ಕಿನ ಕಾನೂನು ಬಿಗಿಯಾಗಿದ್ದಾಗ ಸಾವಿರಾರು ಜನ ಗಡಿ ದಾಟಿ ಮೆಕ್ಸಿಕೊದ ಸಿಯುದಾದ್ ಹ್ವಾರೆಸ್ ಪಟ್ಟಣದಲ್ಲಿ ಒಂದೇ ದಿನದಲ್ಲಿ ವಿಚ್ಛೇದನ ಪಡೆದು ಮರಳುತ್ತಿದ್ದರು. ಒಬ್ಬರು ಖುದ್ದು ಹಾಜರಾಗಿ ಇನ್ನೊಬ್ಬರು ವಕೀಲರ ಮೂಲಕ ಒಪ್ಪಿದ್ದರೆ ಅದು ಮಾನ್ಯ ಎಂದು 1965ರಲ್ಲಿ ನ್ಯೂಯಾರ್ಕಿನ ಉಚ್ಚ ನ್ಯಾಯಪೀಠ ತೀರ್ಪಿತ್ತಿತು.

ಫಿಲಿಪ್ಪೀನ್ಸ್‌ನದು ಎಲ್ಲಕ್ಕಿಂತ ಭಿನ್ನ ಪರಿಸ್ಥಿತಿ. ಅಲ್ಲಿ ಮುಸ್ಲಿಮರನ್ನು ಬಿಟ್ಟರೆ ಉಳಿದವರಿಗೆ ದೇಶದೊಳಗೆ ವಿಚ್ಛೇದನವೇ ಇಲ್ಲ. ಆದರೆ ಕುಟುಂಬ ಸಂಹಿತೆಯ 26ನೆಯ ವಿಧಿಯ ಪ್ರಕಾರ ವಿದೇಶಿ ಸಂಗಾತಿ ಹೊರಗೆ ವಿಚ್ಛೇದನ ಪಡೆದರೆ ಫಿಲಿಪ್ಪೀನ್ಸ್ ಪ್ರಜೆಗೂ ಮರುಮದುವೆಯ ಹಕ್ಕು ಬರುತ್ತದೆ. 2018ರ ಮನಾಲೊ ಪ್ರಕರಣದಲ್ಲಿ, ಜಪಾನಿ ಗಂಡನಿಂದ ಜಪಾನಿನಲ್ಲಿ ತಾನೇ ಅರ್ಜಿ ಹಾಕಿ ವಿಚ್ಛೇದನ ಪಡೆದ ಹೆಂಡತಿಗೂ ಅದೇ ಹಕ್ಕು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಡಿಕ್ರಿಯನ್ನೂ ಅದು ನಿಂತಿರುವ ವಿದೇಶಿ ಕಾನೂನನ್ನೂ ನ್ಯಾಯಾಲಯದಲ್ಲಿ ಸಾಬೀತುಪಡಿಸಿದ ಮೇಲಷ್ಟೇ ಮದುವೆಯ ದಾಖಲೆಯಲ್ಲಿ ಬದಲಾವಣೆ.

ವಿಮರ್ಶೆ ಮತ್ತು ಸುಧಾರಣೆಯ ಪ್ರಯತ್ನಗಳು

ನರಸಿಂಹ ರಾವ್ ತೀರ್ಪು ಊರಲ್ಲಿ ಉಳಿದ ಹೆಂಡತಿಯರಿಗೆ ದೊಡ್ಡ ಆಸರೆಯಾಯಿತು. 1994ರ ನೀರಜಾ ಸರಾಫ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಅನಿವಾಸಿ ಭಾರತೀಯರೊಂದಿಗೆ ಇಲ್ಲಿ ನಡೆದ ಮದುವೆಯನ್ನು ವಿದೇಶಿ ನ್ಯಾಯಾಲಯ ರದ್ದುಪಡಿಸದಂತೆ ಕಾನೂನು ಮಾಡಬೇಕೆಂದು ಸೂಚಿಸಿತು. ಅದಕ್ಕೆ ಬ್ರಿಟಿಷರ ಕಾಯ್ದೆಗಳನ್ನೂ ನೆನಪಿಸಿತು. ಆದರೆ ಇದೇ ಬಿಗಿ ನಿಯಮ, ಹೊರದೇಶದಲ್ಲಿ ದೌರ್ಜನ್ಯ ತಾಳಲಾರದೆ ಅಲ್ಲಿನ ನ್ಯಾಯಾಲಯದ ಮೊರೆಹೊಕ್ಕ ಹೆಂಡತಿಗೂ ಅಡ್ಡಿಯಾಗಬಲ್ಲದು. ಗಂಡ ಹಾಜರಾಗದೆ ಭಾರತಕ್ಕೆ ಮರಳಿಬಿಟ್ಟರೆ ಆಕೆಯ ಡಿಕ್ರಿಯೂ ಇಲ್ಲಿ ಏಕಪಕ್ಷೀಯವೇ. ನಿಯಮ ಹೆಣ್ಣು ಗಂಡು ನೋಡುವುದಿಲ್ಲ. ಯಾರು ಹೋದರು, ಯಾರು ಉಳಿದರು ಎಂದಷ್ಟೇ ನೋಡುತ್ತದೆ.

ಕಾನೂನು ಆಯೋಗ ಈ ವಿಷಯಕ್ಕೆ ಮತ್ತೆ ಮತ್ತೆ ಬಂದಿದೆ. ಪಿ.ಬಿ. ಗಜೇಂದ್ರಗಡ್ಕರ್ ಅಧ್ಯಕ್ಷತೆಯ ಆಯೋಗ 1976ರ 65ನೆಯ ವರದಿಯಲ್ಲಿ ವಿದೇಶಿ ವಿಚ್ಛೇದನದ ಮಾನ್ಯತೆಗೇ ಪ್ರತ್ಯೇಕ ಕಾಯ್ದೆ ಸೂಚಿಸಿತು, ಅದು ಕಾನೂನಾಗಲಿಲ್ಲ. 2009ರ 219ನೆಯ ವರದಿ ಅನಿವಾಸಿ ಭಾರತೀಯರ ಕೌಟುಂಬಿಕ ಕಾನೂನಿನ ಅಗತ್ಯವನ್ನು ಎತ್ತಿಹೇಳಿತು. ಅದೇ ವರ್ಷ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಮದುವೆಗಳ ದೂರುಗಳಿಗೆ ಘಟಕ ಆರಂಭವಾಯಿತು. 2019ರಲ್ಲಿ ರಾಜ್ಯಸಭೆಯಲ್ಲಿ ಅನಿವಾಸಿ ಭಾರತೀಯರ ವಿವಾಹ ನೋಂದಣಿ ಮಸೂದೆ ಮಂಡನೆಯಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಅಧ್ಯಕ್ಷತೆಯ ಆಯೋಗ 2024ರ ಫೆಬ್ರವರಿಯಲ್ಲಿ ಕೊಟ್ಟ 287ನೆಯ ವರದಿ, ಅನಿವಾಸಿ ಭಾರತೀಯರು ಹಾಗೂ ಸಾಗರೋತ್ತರ ಪೌರರು ಭಾರತದ ಪ್ರಜೆಗಳೊಂದಿಗೆ ಮಾಡಿಕೊಳ್ಳುವ ಮದುವೆಗಳ ಕಡ್ಡಾಯ ನೋಂದಣಿ, ವಿಚ್ಛೇದನ, ಜೀವನಾಂಶ, ಸುಪರ್ದಿಗಳನ್ನೆಲ್ಲ ಒಳಗೊಂಡ ಸಮಗ್ರ ಕಾಯ್ದೆಯನ್ನು ಶಿಫಾರಸು ಮಾಡಿತು.

ನೋಂದಣಿ ಕಡ್ಡಾಯವಾದರೆ ಮದುವೆ ನಡೆದದ್ದಕ್ಕೆ ಪುರಾವೆ ಸಿಗುತ್ತದೆ. ವಿದೇಶಿ ಡಿಕ್ರಿ ನಿಲ್ಲುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಹೊರಗಿನ ದೇಶಗಳು ತಪ್ಪು ಹುಡುಕುವ ವಿಚ್ಛೇದನವನ್ನು ಬಿಟ್ಟುಕೊಡುತ್ತಿರುವಾಗ, ಭಾರತದ ಕಾಯ್ದೆಗಳು ತಪ್ಪಿನ ಪಟ್ಟಿಯನ್ನೇ ಮುಖ್ಯವಾಗಿ ಹಿಡಿದುಕೊಂಡಿರುವವರೆಗೆ, ಒಪ್ಪಿಗೆಯಿಲ್ಲದ ವಿದೇಶಿ ಡಿಕ್ರಿಗಳು ಇಲ್ಲಿ ಎಡವುತ್ತಲೇ ಇರುತ್ತವೆ. ಮಾನ್ಯತೆಯ ನಿಯಮವನ್ನು ತಿದ್ದಬೇಕೆಂದರೆ ಒಳಗಿನ ವಿಚ್ಛೇದನ ಕಾನೂನನ್ನೂ, ಅದರ ಜೊತೆಗೆ ಬಿಟ್ಟುಹೋದವರ ಆಸ್ತಿಯಿಂದ ಉಳಿದವರಿಗೆ ಜೀವನಾಂಶ ಕೊಡಿಸುವ ವ್ಯವಸ್ಥೆಯನ್ನೂ ಒಟ್ಟಿಗೇ ತಿದ್ದಬೇಕಾಗುತ್ತದೆ.